ಎರಡು ದಿನದ ಪ್ರವಾಸಕ್ಕೆ ರೈತ ಕುಟುಂಬದ ಸಿದ್ಧತೆ

ಬೇಸಾಯವನ್ನೇ ನಂಬಿದ ಕುಟುಂಬ ಮನೆಗೆ ಬೀಗ ಹಾಕಿ ಎರಡು ದಿನ ಹೊರಗೆ ಇರುವುದು ಅಪರೂಪ. ಮದುವೆ, ಸಾವು, ಆಸ್ಪತ್ರೆ, ಹರಕೆ ಇವುಗಳನ್ನು ಬಿಟ್ಟರೆ ಮನೆಮಂದಿಯೆಲ್ಲ ಒಟ್ಟಾಗಿ ಹೊರಟ ಸಂದರ್ಭಗಳನ್ನು ಬೆರಳಿನಲ್ಲಿ ಎಣಿಸಬಹುದು. ಹಣದ ಅಡಚಣೆ ಇದಕ್ಕೆ ಒಂದು ಕಾರಣವೇನೋ ಹೌದು. ಆದರೆ ಬಹಳಷ್ಟು ಮನೆಗಳಲ್ಲಿ "ಹಸು ಕರೆಯುವವರು ಯಾರು?" ಎಂಬ ಒಂದೇ ಪ್ರಶ್ನೆಗೆ ಪ್ರವಾಸದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಗಂಡಸರು ಸಂತೆಗೋ ಮಾರುಕಟ್ಟೆಗೋ ತಾಲ್ಲೂಕು ಕಚೇರಿಗೋ ಆಗಾಗ್ಗೆ ಹೋಗಿಬರುತ್ತಾರೆ. ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿನದಾದ್ದರಿಂದ ಅವರು ಮಾತ್ರ ವರ್ಷಗಟ್ಟಲೆ ಊರು ಬಿಟ್ಟು ಕದಲುವುದಿಲ್ಲ. ಆದುದರಿಂದ ಪ್ರವಾಸದ ಯೋಜನೆಯನ್ನು ಬಸ್ಸಿನ ವೇಳೆಯಿಂದಲ್ಲ, ಕೊಟ್ಟಿಗೆಯಿಂದ ಆರಂಭಿಸಬೇಕು.

ಚನ್ನರಾಯಪಟ್ಟಣ, ಹೊಳೆನರಸೀಪುರ ಮತ್ತು ಅರಕಲಗೂಡು ತಾಲ್ಲೂಕುಗಳ ರೈತರಿಗೆ ಹಾಸನ ನಗರದಲ್ಲಿ ಒಂದು ರಾತ್ರಿ ತಂಗಿ, ಮಾರನೆಯ ದಿನ ಸಕಲೇಶಪುರದ ಘಟ್ಟದ ಅಂಚನ್ನು ನೋಡಿ ಹಿಂದಿರುಗುವುದು ಎಲ್ಲಕ್ಕಿಂತ ಅನುಕೂಲವಾದ ಕಾರ್ಯಕ್ರಮ. ಈ ಮೂರು ಊರುಗಳಿಂದಲೂ ಹಾಸನ ಸುಮಾರು 30ರಿಂದ 40 ಕಿ.ಮೀ. ಒಳಗೇ ಇದೆ. ಅಲ್ಲಿಂದ ಸಕಲೇಶಪುರಕ್ಕೆ ಮತ್ತೆ ಸುಮಾರು 40 ಕಿ.ಮೀ. ಹಾಸನ ತಾಲ್ಲೂಕಿನವರಿಗೆ ತಂಗುವ ಖರ್ಚೂ ಉಳಿಯಿತು.

ಯಾವ ತಿಂಗಳು?

ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಅವಧಿ ಹೆಚ್ಚಿನವರಿಗೆ ಒಪ್ಪುತ್ತದೆ. ಅಷ್ಟರಲ್ಲಿ ರಾಗಿ ಒಕ್ಕಣೆ ಮುಗಿದು ಹುಲ್ಲು ಮೆದೆ ಸೇರಿರುತ್ತದೆ. ಕಾಲುವೆ ಕೆಳಗಿನ ಮುಂಗಾರು ಭತ್ತವೂ ಮನೆಗೆ ಬಂದಿರುತ್ತದೆ. ಶಾಲೆಯ ವಾರ್ಷಿಕ ಪರೀಕ್ಷೆ ಇನ್ನೂ ದೂರ. ಮಲೆನಾಡಿನಲ್ಲಿ ಆಗ ಕಾಫಿ ಮತ್ತು ಮೆಣಸಿನ ಕೊಯ್ಲು ನಡೆಯುತ್ತಿರುವುದರಿಂದ ಕಣ್ಣಾರೆ ನೋಡಿ ಕಲಿಯುವುದಕ್ಕೂ ಅದೇ ಸರಿಯಾದ ಕಾಲ.

ಮುಂಗಾರಿನಲ್ಲಿ ಆಲೂಗೆಡ್ಡೆ ಬೆಳೆಯುವವರು ಮೇ ತಿಂಗಳ ಬಿತ್ತನೆಯಿಂದ ಗೆಡ್ಡೆ ಕೀಳುವವರೆಗೂ ಈ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿದ ಎರಡು ದಿನಗಳಲ್ಲಿ ಅಂಗಮಾರಿ ರೋಗ ಹೊಲದ ತುಂಬ ಹರಡಬಲ್ಲದು. ಅರಕಲಗೂಡಿನ ಹೊಗೆಸೊಪ್ಪು ಬೆಳೆಗಾರರು ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಹೇಗೂ ಕದಲುವಂತಿಲ್ಲ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ತಮ್ಮ ಬೇಲುಗಳ ಸರದಿ ಮುಗಿದ ಮೇಲೆ, ಸಸಿಮಡಿಗೆ ಬೀಜ ಹಾಕುವುದಕ್ಕೆ ಮೊದಲು ಅವರು ಹೊರಡಬಹುದು. ರೇಷ್ಮೆ ಸಾಕುವವರು ಮನೆಯಲ್ಲಿ ಹುಳು ಇಲ್ಲದ ವಾರವನ್ನೇ ಆರಿಸಿಕೊಳ್ಳಬೇಕು.

ಇನ್ನೊಂದು ಮಾತು. ಆಶ್ವಯುಜ ಮಾಸದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದು ಬಲಿಪಾಡ್ಯಮಿಯ ನಂತರ ಮುಚ್ಚುವವರೆಗಿನ ದಿನಗಳಲ್ಲಿ ಹಾಸನದಲ್ಲಿ ತಂಗಲು ಕೋಣೆ ಸಿಗುವುದು ಕಷ್ಟ. ದೇವಿಯ ದರ್ಶನಕ್ಕೇ ಹೋಗುವುದಾದರೆ ಒಂದೇ ದಿನದಲ್ಲಿ ಹೋಗಿಬನ್ನಿ. ಘಟ್ಟದ ಪ್ರವಾಸವನ್ನು ಅದರೊಡನೆ ಸೇರಿಸಬೇಡಿ.

ಮೂರು ಹೊತ್ತಿನ ಹಾಲು

ಮಕ್ಕಳಿಗೆ ಶನಿವಾರ ಬೆಳಗಿನ ಶಾಲೆ. ಅದು ಮುಗಿದ ಮೇಲೆ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ಮನೆ ಸೇರಿದರೆ, ನಿಮ್ಮ ಕೈ ತಪ್ಪುವುದು ಮೂರೇ ಹೊತ್ತಿನ ಹಾಲು: ಶನಿವಾರ ಸಂಜೆಯದು, ಭಾನುವಾರ ಬೆಳಗಿನದು ಮತ್ತು ಸಂಜೆಯದು. ಲೆಕ್ಕವನ್ನು ಹೀಗೆ ಇಟ್ಟುಕೊಂಡರೆ ಕೆಲಸ ಸುಲಭವಾಗಿ ಕಾಣುತ್ತದೆ.

ಈ ಮೂರು ಹೊತ್ತಿಗೆ ಕೂಲಿಯವರನ್ನು ಹುಡುಕುವುದಕ್ಕಿಂತ ಮುಯ್ಯಾಳು ಪದ್ಧತಿಯೇ ಲೇಸು. ನಾಟಿಗೂ ಒಕ್ಕಣೆಗೂ ಇರುವ ಮುಯ್ಯಿ ಹಾಲು ಕರೆಯುವುದಕ್ಕೆ ಏಕಿರಬಾರದು? ಪಕ್ಕದ ಮನೆಯವರು ಈ ವಾರ ನಿಮ್ಮ ಹಸುಗಳನ್ನು ನೋಡಿಕೊಂಡರೆ, ಅವರು ಹೊರಡುವ ವಾರ ಅವರ ಹಸುಗಳನ್ನು ನೀವು ನೋಡಿಕೊಳ್ಳುತ್ತೀರಿ. ಹಾಲನ್ನು ನಿಮ್ಮ ಹೆಸರಿಗೇ ಡೇರಿಗೆ ಹಾಕುವಂತೆ ಕಾರ್ಯದರ್ಶಿಗೆ ಮೊದಲೇ ತಿಳಿಸಿಡಿ.

ಆದರೆ ಹೊಸ ಕೈಗೆ ಹಸು ಒಮ್ಮೆಲೇ ಒಗ್ಗುವುದಿಲ್ಲ. ಬೆದರಿದ ಹಸು ಹಾಲನ್ನು ಇಳಿಸದೆ ಎತ್ತಿಕೊಳ್ಳುತ್ತದೆ. ಹಾಗೆ ಕೆಚ್ಚಲಿನಲ್ಲಿ ಉಳಿದ ಹಾಲು ಕೆಚ್ಚಲು ಬಾವಿಗೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಹೊರಡುವುದಕ್ಕೆ ಮೂರು ನಾಲ್ಕು ದಿನ ಮುಂಚಿನಿಂದಲೇ ಅವರು ಬಂದು ನಿಮ್ಮ ಎದುರಿನಲ್ಲಿ ಕರೆಯಲಿ. ಮೊದಲ ದಿನ ನೀವು ಹಸುವಿನ ಮುಂದೆ ನಿಂತು ಮೈ ಸವರುತ್ತಿದ್ದರೆ ಸಾಕು. ಎಂದಿನ ವೇಳೆ, ಎಂದಿನ ಜಾಗ, ಎಂದಿನ ಪಾತ್ರೆಯನ್ನು ಬದಲಿಸಬಾರದು. ಕೆಚ್ಚಲು ತೊಳೆದು ಒರೆಸಿದ ಮೇಲೆ ಹಾಲು ಇಳಿಯುವುದು ಐದರಿಂದ ಏಳು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕೆಂಬುದನ್ನು ತಿಳಿಸಿ ಹೇಳಿ.

ಪಶು ಆಹಾರವನ್ನು ಹೊತ್ತಿಗೊಂದರಂತೆ ಪ್ರತ್ಯೇಕ ಚೀಲಗಳಲ್ಲಿ ಅಳೆದು ಕಟ್ಟಿಡಿ. "ಎರಡು ಬೊಗಸೆ ಹಾಕಿ" ಎಂದರೆ ಒಬ್ಬೊಬ್ಬರ ಬೊಗಸೆ ಒಂದೊಂದು ಅಳತೆ. ಪ್ರೀತಿಯಿಂದ ಹೆಚ್ಚು ಹಾಕಿ ಹೊಟ್ಟೆ ಉಬ್ಬರಿಸಿದ ಉದಾಹರಣೆಗಳು ಪಶುವೈದ್ಯರ ಬಳಿ ಬೇಕಾದಷ್ಟಿವೆ. ಎರಡು ದಿನಕ್ಕಾಗುವ ಹಸಿರು ಮೇವನ್ನು ಕೊಯ್ದು ನೆರಳಿನಲ್ಲಿ ತೆಳ್ಳಗೆ ಹರಡಬೇಕು. ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಕೆಡುತ್ತದೆ. ಹೊಲದಲ್ಲಿ ಎಳೆಯ ಜೋಳದ ಪೈರು ಇದ್ದರೆ ಅದನ್ನು ಮುಟ್ಟಕೂಡದೆಂದು ಖಂಡಿತವಾಗಿ ಹೇಳಿ ಹೋಗಿ. ಅದರಲ್ಲಿರುವ ವಿಷಾಂಶ ದನವನ್ನು ಕೊಲ್ಲಬಲ್ಲದು. ಮೇವು ಸಾಲದೆ ಬಂದಾಗ ಹೊಸಬರು ಮೊದಲು ಕೈ ಹಾಕುವುದು ಇಂತಹ ಹಸಿರಿಗೇ.

ಈಯುವ ದಿನ ಹತ್ತಿರವಾದ ಹಸು ಇದ್ದರೆ ಪ್ರವಾಸವನ್ನು ಮುಂದಕ್ಕೆ ಹಾಕಿ. ಬೆದೆಯ ಲೆಕ್ಕವನ್ನೂ ಪಂಚಾಂಗದಂತೆ ನೋಡಿಕೊಳ್ಳಬೇಕು. ಬೆದೆ ಇರುವುದು 12ರಿಂದ 18 ಗಂಟೆ. ಅದು ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಆ 21 ದಿನದ ಮೇವು, ಹಿಂಡಿಯ ಖರ್ಚನ್ನು ಹಾಕಿ ನೋಡಿದರೆ ನಿಮ್ಮ ಬಸ್ ಚಾರ್ಜಿಗಿಂತ ಅದೇ ಹೆಚ್ಚಾದೀತು. ಗೋಡೆಯ ಕ್ಯಾಲೆಂಡರಿನಲ್ಲಿ ಹಿಂದಿನ ಬೆದೆಯ ದಿನಕ್ಕೆ ಗುರುತು ಹಾಕಿ, 21ನೆಯ ದಿನ ಬೀಳುವ ವಾರವನ್ನು ಬಿಟ್ಟು ಹೊರಡಿ.

ತೋಟದ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರನ್ನು ಹೊರಡುವಾಗ ಬಂದ್ ಮಾಡಿ. ಯಾರೂ ಇಲ್ಲದಾಗ ಕರೆಂಟು ಬಂದು, ಪೈಪು ಕಳಚಿಯೋ ಬಾವಿ ಬತ್ತಿಯೋ ಮೋಟಾರು ಸುಟ್ಟರೆ ಪ್ರವಾಸ ಬಲು ದುಬಾರಿಯಾಗುತ್ತದೆ. ಬೆಳೆದ ತೆಂಗು ಎರಡು ದಿನ ನೀರಿಲ್ಲದೆ ಒಣಗುವುದಿಲ್ಲ. ಸಸಿಮಡಿ ಇದ್ದವರು ಮಾತ್ರ ನೀರು ಹನಿಸಲು ಒಬ್ಬರನ್ನು ಒಪ್ಪಿಸಿ ಹೋಗಬೇಕು.

ದಾರಿ ಮತ್ತು ವೆಚ್ಚ

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೆದ್ದಾರಿಯೂ ಇದೆ, ರೈಲೂ ಇದೆ. ಕುಣಿಗಲ್, ಶ್ರವಣಬೆಳಗೊಳದ ಮೂಲಕ ಬೆಂಗಳೂರಿನ ನೇರ ರೈಲು ಮಾರ್ಗ 2017ರಲ್ಲಿ ಪೂರ್ತಿಯಾಯಿತು. ಹೊಳೆನರಸೀಪುರ ಮೈಸೂರು–ಹಾಸನ ರೈಲು ಮಾರ್ಗದ ಮೇಲಿದೆ. ಅರಕಲಗೂಡಿನವರಿಗೆ ಬಸ್ಸೇ ಗತಿ, ಆದರೆ ಅವರ ದಾರಿಯಲ್ಲಿ ಗೊರೂರು ಸಿಗುತ್ತದೆ. ರೈಲಿನ ವೇಳೆ ವಾರದ ದಿನಕ್ಕೆ ತಕ್ಕಂತೆ ಬೇರೆಯಾಗುವುದರಿಂದ ನಿಲ್ದಾಣದಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿ ಜೊತೆಯಲ್ಲಿರಬೇಕು. ರಾಜಹಂಸದಂತಹ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ತಂಗಲು ಸಕಲೇಶಪುರಕ್ಕಿಂತ ಹಾಸನವನ್ನೇ ಆರಿಸಿಕೊಳ್ಳಿ. ಶನಿವಾರ, ಭಾನುವಾರಗಳಲ್ಲಿ ಬೆಂಗಳೂರಿನವರು ಘಟ್ಟದ ಕಡೆಗೆ ಸಾಲುಗಟ್ಟಿ ಬರುವುದರಿಂದ ಅಲ್ಲಿಯ ವಸತಿಯ ದರ ಅವರ ಜೇಬಿನ ಅಳತೆಗೆ ಏರಿರುತ್ತದೆ. ಹಾಸನದ ಬಸ್ ನಿಲ್ದಾಣದ ಆಸುಪಾಸಿನ ಸಾಧಾರಣ ಲಾಡ್ಜಿನಲ್ಲಿ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಹೊರಡುವುದರಲ್ಲಿ ಜಾಣತನವಿದೆ. ಶನಿವಾರ ರಾತ್ರಿಯ ಊಟಕ್ಕೆ ಮನೆಯ ರೊಟ್ಟಿ, ಚಟ್ನಿಪುಡಿ ಸಾಕು.

ನೋಡತಕ್ಕದ್ದು

ಹೊಳೆನರಸೀಪುರದ ಗದ್ದೆಗೂ ಚನ್ನರಾಯಪಟ್ಟಣದ ಕೆರೆಗೂ ಹರಿಯುವ ಹೇಮಾವತಿ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಬೇಕಾದರೆ ಗೊರೂರಿನಿಂದ ಆರಂಭಿಸಬೇಕು. ಅಲ್ಲಿಯ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣ ಮಟ್ಟ 2922 ಅಡಿ, ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನವೂ ಓದುವ ಈ ಅಂಕಿಗಳನ್ನು ನೀರಿನ ಎದುರಿಗೆ ನಿಂತು ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ಚರ್ಚು ಈ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅದು ಅರ್ಧ ಮುಳುಗುತ್ತದೆ, ಬೇಸಿಗೆಯ ಕಡೆಗೆ ನೀರಿಳಿದಾಗ ಬುಡದವರೆಗೆ ಕಾಣುತ್ತದೆ. ನಮ್ಮ ನೀರಾವರಿಗಾಗಿ ಮನೆ, ಹೊಲ ಬಿಟ್ಟು ಹೋದ ಊರುಗಳ ಗುರುತು ಅದು. ಗೋಡೆಗಳು ಶಿಥಿಲವಾಗಿರುವುದರಿಂದ ಮಕ್ಕಳನ್ನು ಹತ್ತಿರ ಬಿಡಬಾರದು.

ಭಾನುವಾರ ಬೆಳಿಗ್ಗೆ ಪಶ್ಚಿಮಕ್ಕೆ ಹೊರಟಾಗ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಚನ್ನರಾಯಪಟ್ಟಣದ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾದರೆ ಸಕಲೇಶಪುರದಲ್ಲಿ 2000 ಮಿ.ಮೀ.ಗೂ ಹೆಚ್ಚು. ಎಂಬತ್ತು ಕಿ.ಮೀ. ಒಳಗೆ ಮಳೆ ಮೂರು ಪಟ್ಟು ಆಗುವುದನ್ನು ಗಿಡಮರಗಳಲ್ಲೇ ಓದಬಹುದು. ತೆಂಗು, ರಾಗಿಯ ಹೊಲಗಳು ಹಿಂದೆ ಸರಿದು, ಭತ್ತದ ಕಣಿವೆಗಳು ಬಂದು, ಅನಂತರ ಮರಗಳ ನೆರಳಿನ ಕಾಫಿ ಆರಂಭವಾಗುತ್ತದೆ. ಸಕಲೇಶಪುರದ ಸೇತುವೆಯ ಕೆಳಗೆ ಹರಿಯುವುದೂ ಅದೇ ಹೇಮಾವತಿ.

ಅಲ್ಲಿಂದ ಮಂಗಳೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ. ಎಂಟು ಮೂಲೆಯ ನಕ್ಷತ್ರದಂತಿರುವ ಈ ಕೋಟೆಯ ಮೇಲಿನಿಂದ ಘಟ್ಟದ ಸಾಲು ಕಾಣುತ್ತದೆ. ಬಿಸಿಲೇರುವ ಮುಂಚೆ ಹತ್ತಿ ಇಳಿಯಬೇಕು. ಅದೇ ರಸ್ತೆಯ ದೋಣಿಗಾಲ್‌ನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ಅದನ್ನೂ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ನೋಡುವ ಆಸೆಯಿದ್ದರೆ ಭಾನುವಾರ ಬಿಟ್ಟು ಕೆಲಸದ ದಿನದಲ್ಲಿ, ಮೊದಲೇ ತಿಳಿಸಿ ಹೋಗತಕ್ಕದ್ದು.

ಬೇಲೂರು, ಹಳೇಬೀಡುಗಳನ್ನೂ ಇದರಲ್ಲೇ ತುರುಕುವವರಿದ್ದಾರೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಗಳಿಗೆ ಬೇರೊಂದು ದಿನವನ್ನೇ ಇಡಿ. ಓಡುತ್ತಾ ನೋಡಿದ ಶಿಲ್ಪ ಮನಸ್ಸಿನಲ್ಲಿ ನಿಲ್ಲದು.

ಕಾಫಿ ತೋಟದೊಳಗೆ ಕಾಲಿಡುವ ಮುನ್ನ ಮಾಲೀಕರನ್ನೋ ರೈಟರನ್ನೋ ಕೇಳಿ. ರೈತರೆಂದು ಹೇಳಿಕೊಂಡರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಕಣದಲ್ಲಿ ಕಾಫಿ ಒಣಗಿಸುವ ಕ್ರಮವನ್ನು ಗಮನವಿಟ್ಟು ನೋಡಿ: ಮಣ್ಣು ತಾಗದ ನೆಲ, ಗಂಟೆಗಂಟೆಗೂ ಕೆದಕುವುದು, ಸಂಜೆ ರಾಶಿ ಮಾಡಿ ಮುಚ್ಚುವುದು. ಬಿಡಿಸಿದ ಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಹರಡಿದರೆ ಬೇಗ ಒಣಗಿ ಒಳ್ಳೆಯ ಕಪ್ಪು ಬಣ್ಣ ಬರುತ್ತದೆ. ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡುವ ನಮ್ಮ ಅಭ್ಯಾಸದೊಡನೆ ಇದನ್ನು ಹೋಲಿಸಿ ನೋಡಬಹುದು.

ಸಕಲೇಶಪುರ, ಆಲೂರು ಭಾಗದಲ್ಲಿ ಕಾಡಾನೆಗಳು ತೋಟಗಳಲ್ಲೇ ತಿರುಗಾಡುತ್ತವೆ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಆನೆ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಈ ಸಕಲೇಶಪುರ ತಾಲ್ಲೂಕಿನಲ್ಲಿಯೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಮುಂಜಾನೆ ಮತ್ತು ಸಂಜೆ ತೋಟದ ದಾರಿಗಳಲ್ಲಿ ನಡೆದು ಹೋಗಬೇಡಿ, ಸ್ಥಳೀಯರ ಮಾತನ್ನು ಮೀರಬೇಡಿ. ಘಟ್ಟದ ರೈಲು ಹಳಿಯ ಮೇಲೆ ನಡೆಯುವುದಂತೂ ಅಪಾಯ, ಅಪರಾಧವೂ ಹೌದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದುಂಟು. 2018ರಲ್ಲಿಯೂ 2024ರಲ್ಲಿಯೂ ಹಾಗಾಯಿತು.

ತರಬಾರದ್ದು

ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಕಂಡವರಿಗೆ ತಮ್ಮ ತೆಂಗಿನ ತೋಟ ನೆನಪಾಗುವುದು ಸಹಜ. ನೀರಿನ ಆಸರೆ ಮತ್ತು ನೆರಳು ಇರುವ ತೋಟದಲ್ಲಿ ಮೆಣಸನ್ನು ಪ್ರಯತ್ನಿಸಬಹುದು. ಆದರೆ ಕಂಡಲ್ಲಿಂದ ಬೇರು, ಮಣ್ಣು ಸಹಿತ ಕಿತ್ತು ತರಬೇಡಿ. ಮೆಣಸಿನ ಸೊರಗು ರೋಗದ ಶಿಲೀಂಧ್ರ ಮಣ್ಣಿನ ಮೂಲಕವೇ ಪ್ರಯಾಣ ಮಾಡುತ್ತದೆ. ಶುಂಠಿಯ ಗೆಡ್ಡೆ ಕೊಳೆ ರೋಗವೂ ಬಿತ್ತನೆ ಗೆಡ್ಡೆಯೊಡನೆ ಬರುತ್ತದೆ. ಒಂದು ಚೀಲದ ಆಸೆಗೆ ರೋಗವಿಲ್ಲದ ಹೊಲಕ್ಕೆ ರೋಗ ತಂದುಕೊಂಡರೆ ಅದನ್ನು ಮತ್ತೆ ಹೊರಗಟ್ಟುವುದು ಬಹಳ ಕಷ್ಟ. ಗಿಡ ಬೇಕಾದವರು ಕೇಂದ್ರದ ತಜ್ಞರನ್ನು ಕೇಳಿ, ಗೊತ್ತಿರುವ ನರ್ಸರಿಯಿಂದ ತರಿಸಿಕೊಳ್ಳಿ. ಬೇರೆಯವರ ಕೊಟ್ಟಿಗೆಗೆ ಹೋಗಿ ಬಂದಿದ್ದರೆ ಚಪ್ಪಲಿ, ಬಟ್ಟೆ ತೊಳೆಯದೆ ನಿಮ್ಮ ಕೊಟ್ಟಿಗೆಗೆ ಹೋಗಬಾರದು. ಕಾಲುಬಾಯಿ ಜ್ವರ ಹೀಗೂ ಹರಡುತ್ತದೆ.

ಸೋಮವಾರ ಬೆಳಿಗ್ಗೆ ಹಾಲು ಕರೆಯುವ ಮುನ್ನ ನಾಲ್ಕು ಮೊಲೆಗಳಿಂದಲೂ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗರಣೆ, ರಕ್ತದ ಎಳೆ ಅಥವಾ ಕೆಚ್ಚಲಿನಲ್ಲಿ ಬಿಸಿ ಕಂಡರೆ ಅಂದೇ ಪಶುವೈದ್ಯರಿಗೆ ತೋರಿಸಿ. ಏನೂ ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕರೆದು, ಅವರು ಯಾವ ವಾರ ಹೊರಡುತ್ತಾರೆಂದು ಕೇಳಿ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.