ಹೆಂಚಿನಡಿಯ ಸಣ್ಣ ಬಾವಲಿ

2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನಲ್ಲೂ 2019ರ ಜೂನಿನಲ್ಲಿ ನಮ್ಮ ಎರ್ನಾಕುಳಂ ಜಿಲ್ಲೆಯಲ್ಲೂ ನಿಪಾ ರೋಗ ಕಾಣಿಸಿಕೊಂಡಿತಷ್ಟೆ. ಅಂದಿನಿಂದ ಬಾವಲಿಯೆಂದರೆ ಜನ ಬೆಚ್ಚುವುದು ಸಹಜ. ಆದರೆ ಯಾವ ಬಾವಲಿ ಎಂಬುದನ್ನು ವಿಚಾರಿಸಬೇಕು. ಈ ವಿಷಯದಲ್ಲಿ ಮಲಯಾಳಿಗಳು ನಮಗಿಂತ ಜಾಣರು: ಹಣ್ಣು ತಿನ್ನುವ ದೊಡ್ಡದನ್ನು 'ವವ್ವಾಲ್' ಎಂದೂ ಹುಳು ಹಿಡಿಯುವ ಸಣ್ಣದನ್ನು 'ನರಿಚ್ಚೀರ್' ಎಂದೂ ಬೇರೆಯಾಗಿಯೇ ಕರೆಯುತ್ತಾರೆ. ನಿಪಾ ವಿಷಾಣುವಿನ ಸಹಜ ನೆಲೆಯೆಂದು ವಿಜ್ಞಾನಿಗಳು ಗುರುತಿಸಿರುವುದು ದೊಡ್ಡದನ್ನು. ಪೊರಕೆ ಏಟು ಬೀಳುವುದು ಮಾತ್ರ ಕೈಗೆಟುಕುವ ಸಣ್ಣದಕ್ಕೆ.

ಕೊಚ್ಚಿ, ತಿರುವನಂತಪುರಗಳ ಹಳೆಯ ಹೆಂಚಿನ ಮನೆಗಳಲ್ಲಿ ಬಾಡಿಗೆಗಿರುವ ಬಂಧುಗಳು ಇದನ್ನು ದಿನವೂ ನೋಡಿರಬಹುದು. ಆ ಹೆಂಚು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಯಾರಿಸಲಾರಂಭಿಸಿದ ಮಾದರಿಯದು. ನಮ್ಮಂತೆ ಅದೂ ಊರು ಬಿಟ್ಟು ಬಂದದ್ದೇ. ಹೊತ್ತು ಮುಳುಗಿದೊಡನೆ ಹೆಂಚಿನ ಸಂದಿಯಿಂದ ಹೆಬ್ಬೆರಳಷ್ಟು ಮೈಯ ಬಾವಲಿಗಳು ಒಂದೊಂದಾಗಿ ಹೊರಬೀಳುತ್ತವೆ. ಇವು ಪಿಪಿಸ್ಟ್ರೆಲ್ ಎಂಬ ಕುಲದವು. ಅವುಗಳಲ್ಲಿ ಅತಿ ಸಣ್ಣದು ನಾಲ್ಕು ಗ್ರಾಂ ಸಹ ತೂಗುವುದು ಕಷ್ಟ. ಕಣ್ಣು ಕಾಣದೆಂಬುದು ಸುಳ್ಳು. ಕತ್ತಲಲ್ಲಿ ನಮ್ಮ ಕಿವಿಗೆ ನಿಲುಕದ ಸಣ್ಣ ಕೂಗು ಹಾಕಿ, ಅದರ ಮಾರ್ದನಿಯಿಂದ ಹುಳು ಎಲ್ಲಿದೆಯೆಂದು ತಿಳಿಯುತ್ತವೆ. ಸೊಳ್ಳೆ, ಸಣ್ಣ ಪತಂಗ, ಮಳೆಗಾಲದ ರೆಕ್ಕೆ ಗೆದ್ದಲು ಇವುಗಳ ಊಟ. ಕೊಚ್ಚಿಯ ಸೊಳ್ಳೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಹುಳುವಿಗೆ ಬರವಿಲ್ಲ, ಮನೆಗೆ ಬರ. ನಮ್ಮ ನಾಡಿನಲ್ಲೇ ಇದಕ್ಕೆ ಉದಾಹರಣೆಯುಂಟು. ಕೋಲಾರ ಜಿಲ್ಲೆಯ ಎಲೆಮೂಗಿನ ಬಾವಲಿಯನ್ನು ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು 1994ರಲ್ಲಿ ಪ್ರತ್ಯೇಕ ಜಾತಿಯೆಂದು ಹೆಸರಿಸಿದರು. ಅದೂ ಹುಳು ತಿನ್ನುವುದೇ. ಕೋಲಾರವಲ್ಲದೆ ಪ್ರಪಂಚದಲ್ಲಿ ಮತ್ತೆಲ್ಲೂ ಅದು ಕಂಡಿಲ್ಲ. ಸುತ್ತಲಿನ ಬೆಟ್ಟಗಳಲ್ಲಿ ಕಲ್ಲು ಒಡೆದದ್ದೇ ಅದಕ್ಕೆ ಕುತ್ತಾಯಿತು. ಮೊದಲು ತೇರಹಳ್ಳಿಯಲ್ಲೂ ಇದ್ದದ್ದು ಈಗ ಹನುಮನಹಳ್ಳಿಯ ಗವಿಯೊಂದರಲ್ಲಿ ಉಳಿದಿದೆ. ಎಣಿಕೆ ಇನ್ನೂರರ ಆಸುಪಾಸು.

ನಮ್ಮ ಮಾಡಿನ ಬಾವಲಿಗೆ ಅಂಥ ಗತಿ ಬಂದಿಲ್ಲ. ಆದರೂ ರಿಪೇರಿಯ ದಿನ ಮೇಸ್ತ್ರಿ ಸಂದಿಗೆಲ್ಲ ಸಿಮೆಂಟು ಮೆತ್ತಿದರೆ ಒಳಗಿನ ಮರಿಗಳು ಅಲ್ಲೇ ಸಾಯುತ್ತವೆ, ಆಮೇಲೆ ನಾರುವುದೂ ನಮ್ಮ ಕೋಣೆಯೇ. ಮರಿ ಹಾರಲು ಮೂರು ನಾಲ್ಕು ವಾರ ಬೇಕು. ಅಷ್ಟು ತಡೆದು, ಬಳಿಕ ಸಂದಿಯ ಮೇಲ್ಭಾಗಕ್ಕೆ ಮಾತ್ರ ಬಲೆಯ ತುಂಡೊಂದನ್ನು ಕಟ್ಟಿ ಇಳಿಬಿಡಿ. ಹೊರಬಂದವು ಮರಳಿ ಒಳಹೋಗಲಾರವು. ಐದಾರು ಸಂಜೆ ಕಾದು, ಒಂದೂ ಹೊರಬರದಾದ ಮೇಲೆ ಸಂದಿ ಮುಚ್ಚಿಸಿ.

ನೆಲಕ್ಕೆ ಬಿದ್ದ ಬಾವಲಿಯನ್ನು, ಅದು ಯಾವ ಜಾತಿಯದೇ ಆಗಲಿ, ಬರಿಗೈಯಿಂದ ಮುಟ್ಟಬಾರದು. ದಪ್ಪ ಬಟ್ಟೆ ಮುಚ್ಚಿ, ರಟ್ಟಿನ ಪೆಟ್ಟಿಗೆಗೆ ಸರಿಸಿ, ಸಂಜೆ ಎತ್ತರದಲ್ಲಿಡಿ. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.