ಆರ್ಗನ್ ಪೀಠ ಕಲಿಸಿದ ಆರು ಪಾಠಗಳು

ಸ್ವಿಟ್ಜರ್‌ಲೆಂಡಿನ ಚರ್ಚ್ ಆರ್ಗನ್ ವಾದಕರಲ್ಲಿ ಅನೇಕರು ನುಡಿಸುವುದರ ಜೊತೆಗೆ ಪಾಠ ಹೇಳುತ್ತಾರೆ, ಸಂಗೀತವನ್ನೂ ರಚಿಸುತ್ತಾರೆ. ಒಟ್ಟೋ ಬಾರ್ಬ್ಲಾನ್ ಈ ಮೂರನ್ನೂ ಬಾಳಿದವರು. 1860ರಲ್ಲಿ ಎಂಗಾಡಿನ್ ಕಣಿವೆಯಲ್ಲಿ ಹುಟ್ಟಿ, ಸ್ಟುಟ್‌ಗಾರ್ಟ್‌ನಲ್ಲಿ ಕಲಿತು, 1887ರಲ್ಲಿ ಜಿನೀವಾದ ಸೇಂಟ್ ಪಿಯೆರ್ ಕಥೀಡ್ರಲ್‌ಗೆ ಬಂದರು. ಅರ್ಧ ಶತಮಾನಕ್ಕೂ ಮಿಕ್ಕಿ ಅಲ್ಲೇ ನುಡಿಸಿದರು. ಈ ಮೂರು ಕೆಲಸಗಳಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ಸೊರಗುತ್ತವೆ ಎಂಬುದು ನಾನು ಕಂಡುಕೊಂಡ ಸತ್ಯ.

1. ಬೆರಳು ಎತ್ತುವುದನ್ನು ಕಲಿಯಿರಿ. ಪೈಪ್ ಆರ್ಗನ್‌ನಲ್ಲಿ ಕೀಯನ್ನು ಎಷ್ಟು ಬಲವಾಗಿ ಒತ್ತಿದರೂ ದನಿ ಹೆಚ್ಚುವುದಿಲ್ಲ. ಬೆರಳು ಎತ್ತುವವರೆಗೂ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಭಾವವೆಲ್ಲ ಇರುವುದು ಸ್ವರ ಎಲ್ಲಿ ಮುಗಿಯಬೇಕು ಎಂಬುದರಲ್ಲಿ. ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸಿ, ನಡುವಿನ ಮೌನವನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತ ಕುಗ್ಗಿಸುತ್ತ ಅಭ್ಯಾಸ ಮಾಡಿ.

2. ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಶಿಷ್ಯರಿಂದ ನುಡಿಸಿ, ನೀವು ಕೆಳಗಿಳಿದು ಹೋಗಿ. ಕಲ್ಲಿನ ಕಥೀಡ್ರಲ್ ಖಾಲಿಯಿದ್ದಾಗ ಕಲಸಿಹೋಗುವ ವೇಗ, ಜನ ತುಂಬಿದಾಗ ಸ್ಪಷ್ಟವಾಗಿ ಕೇಳಬಹುದು. ಲಯ ನಿರ್ಧರಿಸುವುದರಲ್ಲಿ ಕಟ್ಟಡಕ್ಕೂ ಪಾಲಿದೆ.

3. ಸಭೆ ಉಸಿರಾಡಲಿ. ಕ್ರೈಸ್ತ ಧರ್ಮಸುಧಾರಣೆಯ ಕಾಲದಲ್ಲಿ, 1527ರಲ್ಲಿ, ಜ್ಯೂರಿಕ್‌ನ ಗ್ರಾಸ್‌ಮ್ಯೂನ್‌ಸ್ಟರ್ ಚರ್ಚಿನ ಆರ್ಗನ್ ಒಡೆದು ತೆಗೆದರು. ಸುಧಾರಕ ಕ್ಯಾಲ್ವಿನ್‌ನ ಜಿನೀವಾದಲ್ಲಿ ಸಭೆ ವಾದ್ಯವಿಲ್ಲದೆ ಹಾಡಿತು. 1562ರ ಹೊತ್ತಿಗೆ 150 ಕೀರ್ತನೆಗಳಿಗೂ ಅಲ್ಲಿ ರಾಗಬದ್ಧ ಹಾಡುಗಳು ಸಿದ್ಧವಾಗಿದ್ದವು. ನಾವಿಲ್ಲದೆಯೂ ಹಾಡಬಲ್ಲ ಜನರಿಗೆ ನಾವು ಆಸರೆ ಮಾತ್ರ. ಸಾಲಿನ ಕೊನೆಯಲ್ಲಿ ಕೈ ಎತ್ತಿ. ಬಾಸೆಲ್ ಮಿಷನ್ ಮಂಗಳೂರಿಗೆ ತಂದ ರಾಗಗಳಿಗೂ ಇದೇ ನಿಯಮ: ಕನ್ನಡದ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲೇ ಉಸಿರು.

4. ಚಳಿಯನ್ನು ಲೆಕ್ಕಕ್ಕಿಡಿ. ಚಳಿ ಇಳಿದು ಬಿಸಿ ಏರಿದಂತೆ ಕೊಳಲಿನ ಹಾಗೆ ನುಡಿಯುವ ಪೈಪ್‌ಗಳ ಶ್ರುತಿ ಏರುತ್ತದೆ. ನಾಲಗೆ ಕಂಪಿಸಿ ನುಡಿಯುವ ರೀಡ್ ಪೈಪ್‌ಗಳದ್ದು ಅಷ್ಟಾಗಿ ಬದಲಾಗದು. ಆರಾಧನೆಯ ಹೊತ್ತಿನಲ್ಲಿ ಇರುವ ತಾಪಮಾನದಲ್ಲೇ ರೀಡ್‌ಗಳನ್ನು ಉಳಿದವಕ್ಕೆ ಹೊಂದಿಸಿ.

5. ಇರುವ ಕಂಠಗಳಿಗೆ ಬರೆಯಿರಿ. ಕಾಲ್ವೆನ್ ಕದನದ ನೆನಪಿಗೆ ನಡೆದ 1899ರ ಉತ್ಸವಕ್ಕೆ ಬಾರ್ಬ್ಲಾನ್ ಸಂಗೀತ ಬರೆದದ್ದು ತಮ್ಮ ನಾಡಿನ ಜನರಿಗಾಗಿ. ಊರಿನ ಗಾಯನವೃಂದದಲ್ಲಿ ಟೆನರ್ ದನಿಗಳು ಕಡಿಮೆಯಿದ್ದರೆ ಮೂರೇ ದನಿಗೆ ಬರೆಯಿರಿ. ಭಾನುವಾರ ಹಾಡಿಸಿ ನೋಡಿ, ಎಡವಿದ ಜಾಗ ತಿದ್ದಿ. ರಚನೆಗೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

6. ಶಿಷ್ಯರಿಗೆ ಹೊಣೆ ಕೊಡಿ. ಸೇಂಟ್ ಪಿಯೆರ್‌ನಲ್ಲಿ ಬಾರ್ಬ್ಲಾನ್ ನಂತರ ಬಂದ ಪಿಯೆರ್ ಸೆಗೊಂ ಅವರಲ್ಲಿ ಕಲಿತ ಲಿಯೊನೆಲ್ ರಾಗ್, 1961ರಲ್ಲಿ ಜಿನೀವಾದ ವಿಕ್ಟೋರಿಯಾ ಹಾಲ್‌ನಲ್ಲಿ ಬಾಖ್‌ನ ಆರ್ಗನ್ ಕೃತಿಗಳನ್ನೆಲ್ಲ ಹತ್ತು ಕಚೇರಿಗಳಲ್ಲಿ ನುಡಿಸಿದರು. ಮುಂದೆ ತಾವೂ ಅದೇ ಊರಿನಲ್ಲಿ ಗುರುವಾದರು. ತರಗತಿಯ ಪಾಠವೊಂದೇ ವಾದಕನನ್ನು ರೂಪಿಸದು. ಇಡೀ ಆರಾಧನೆಯನ್ನು ಶಿಷ್ಯೆಗೆ ವಹಿಸಿ, ಪಕ್ಕದಲ್ಲಿ ನಿಂತು ಪುಟ ತಿರುವಿ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಜನ ಚೆನ್ನಾಗಿ ಹಾಡಿದರೇ?