ಓಡಿಸಿ ನೋಡದ ಉದಾಹರಣೆಯನ್ನು ಕೊಡಬೇಡಿ

ಸಿ.ಎಸ್. ಪುರ ಹೋಬಳಿಯ ಊರುಗಳಿಂದ ಗುಬ್ಬಿಗೋ ತುಮಕೂರಿಗೋ ಬಸ್ಸು ಹಿಡಿದು ಇಂಜಿನಿಯರಿಂಗ್, ಬಿ.ಸಿ.ಎ. ಓದುತ್ತಿರುವ ಮಕ್ಕಳೇ, ಕೆಲಸ ಸಿಕ್ಕಿ ಬೆಂಗಳೂರು ಸೇರಿರುವ ಮಕ್ಕಳೇ, ನಿಮಗೊಂದು ಮಾತು ಹೇಳಬೇಕು. ಇಂದಲ್ಲ ನಾಳೆ ನೀವೂ ಒಂದು ಲೈಬ್ರರಿ ಬರೆಯುತ್ತೀರಿ. ಅದನ್ನು ಬಳಸುವುದು ಹೇಗೆಂದು ನಾಲ್ಕು ಪುಟ ಡಾಕ್ಯುಮೆಂಟೇಶನ್ ಬರೆಯುತ್ತೀರಿ. ಆ ಪುಟಗಳಲ್ಲಿ ಕೋಡಿನ ಉದಾಹರಣೆಗಳು ಇರುತ್ತವೆ. ಓಡಿಸಿ ನೋಡದೆ ಅವನ್ನು ಯಾರ ಕೈಗೂ ಕೊಡಬೇಡಿ. ಒಮ್ಮೆ ಓಡಿಸಿದರೂ ಸಾಲದು. ಕೋಡು ಬದಲಾದಾಗಲೆಲ್ಲ ಕಂಪ್ಯೂಟರೇ ಅವನ್ನು ಓಡಿಸಿ ಸರಿಯಿದೆಯೇ ಎಂದು ಹೇಳುವ ಏರ್ಪಾಡು ಮಾಡಿ.

ಇದು ಚಿಕ್ಕ ವಿಷಯ ಎನ್ನಿಸಬಹುದು. ಚಿಕ್ಕದಲ್ಲ. ಡಾಕ್ಯುಮೆಂಟೇಶನ್ ತೆರೆದವರು ವಿವರಣೆಯನ್ನು ಮೊದಲು ಓದುವುದು ಅಪರೂಪ. ಕಣ್ಣು ನೇರವಾಗಿ ಉದಾಹರಣೆಗೆ ಹೋಗುತ್ತದೆ. ಅದನ್ನು ಕಾಪಿ ಮಾಡಿ, ಅಂಟಿಸಿ, ರನ್ ಮಾಡುತ್ತಾರೆ. ಓಡದಿದ್ದರೆ, ದೊಡ್ಡ ಕಂಪನಿಯಲ್ಲಿ ಕೂತವರು ಪಕ್ಕದ ಸೀನಿಯರನ್ನು ಕೇಳಿ ಐದು ನಿಮಿಷದಲ್ಲಿ ದಾರಿ ಕಂಡುಕೊಳ್ಳುತ್ತಾರೆ. ನಮ್ಮ ಹೋಬಳಿಯ ಯಾವುದೋ ತೋಟದ ಮನೆಯಲ್ಲಿ, ಮನೆತನದಲ್ಲೇ ಮೊದಲ ಬಾರಿಗೆ ಕೋಡು ಕಲಿಯುತ್ತಿರುವ ಹುಡುಗಿಗೆ ಕೇಳಲು ಯಾರಿದ್ದಾರೆ? ಆ ಪುಟವೇ ಅವಳಿಗೆ ಮೇಷ್ಟ್ರು. ಪುಟದಲ್ಲಿ ತಪ್ಪಿರಬಹುದು ಎಂಬ ಯೋಚನೆಯೇ ಅವಳಿಗೆ ಬರುವುದಿಲ್ಲ. ಎಲ್ಲೋ ತಾನೇ ತಪ್ಪಿದ್ದೇನೆ ಅಂದುಕೊಳ್ಳುತ್ತಾಳೆ. ಎರಡು ರಾತ್ರಿ ಒದ್ದಾಡಿ, ಇದು ತನಗೆ ಹತ್ತುವ ವಿದ್ಯೆಯಲ್ಲ ಎಂದು ಬಿಟ್ಟುಬಿಡುತ್ತಾಳೆ. ಬರೆದವನ ಉದಾಸೀನಕ್ಕೆ ಓದಿದವಳು ದಂಡ ತೆತ್ತಂತಾಯಿತು. ನನಗೆ ಸಂಕಟವಾಗುವುದು ಇದಕ್ಕೇ.

ಇಂಥ ಉದಾಹರಣೆಗಳನ್ನು ನೀವೂ ಕಂಡಿದ್ದೀರಿ. ಹಳೆಯ ಟರ್ಬೊ ಸಿ ಕಾಲದ ಲ್ಯಾಬ್ ಪ್ರೋಗ್ರಾಮುಗಳು ಕೊನಿಯೊ ಡಾಟ್ ಹೆಚ್ ಎಂಬ ಕಡತವನ್ನು ಕೇಳುತ್ತವೆ. ಅದು ಸಿ ಭಾಷೆಯ ಪ್ರಮಾಣಿತ ಕಡತವೇ ಅಲ್ಲ. ಲಿನಕ್ಸ್‌ನಲ್ಲಿ ಜಿಸಿಸಿ ಅದನ್ನು ಕಾಣದೆ ಆ ಸಾಲಿಗೇ ನಿಲ್ಲುತ್ತದೆ. ಪೈಥಾನಿನಲ್ಲೂ ಇದೇ ಕಥೆ. 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂದಾಗ ಪ್ರಿಂಟ್ ಎಂಬುದು ಫಂಕ್ಷನ್ ಆಯಿತು, ಆವರಣ ಚಿಹ್ನೆ ಕಡ್ಡಾಯವಾಯಿತು. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ನಡುವಿನ ಹನ್ನೊಂದು ವರ್ಷಗಳಲ್ಲಿ ಎಷ್ಟೋ ಪಾಠಗಳು ಹಳೆಯ ಪ್ರಿಂಟನ್ನೇ ಕಲಿಸುತ್ತಾ ಉಳಿದವು. ಬರೆದ ದಿನ ಆ ಸಾಲುಗಳು ಸರಿಯಾಗಿಯೇ ಇದ್ದವು. ಕೋಡು ಹಳತಾದರೆ ಕಂಪೈಲರ್ ಕೂಗಿ ಹೇಳುತ್ತದೆ. ಪುಟದೊಳಗಿನ ಉದಾಹರಣೆ ಹಳತಾದರೆ ಯಾರೂ ಕೂಗುವುದಿಲ್ಲ. ಹಾಗೆ ಕೂಗುವವರನ್ನು ನೇಮಿಸುವ ಕೆಲಸ ಬರೆದವರದು.

ಹಿರಿಯರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. 1978ರಲ್ಲಿ ಬ್ರಯನ್ ಕರ್ನಿಹನ್ ಮತ್ತು ಡೆನ್ನಿಸ್ ರಿಚಿ ಸಿ ಭಾಷೆಯ ಪುಸ್ತಕ ಹೊರತಂದರು. ಅದರ ಉದಾಹರಣೆಗಳನ್ನೆಲ್ಲ ಪುಸ್ತಕದ ಪಠ್ಯದಿಂದಲೇ ನೇರವಾಗಿ ತೆಗೆದು ಪರೀಕ್ಷಿಸಿದ್ದೇವೆಂದು ಮುನ್ನುಡಿಯಲ್ಲೇ ಹೇಳಿಕೊಂಡರು. ಬೇರೆ ಕಡೆ ಬರೆದು, ಓಡಿಸಿ, ಆಮೇಲೆ ಕೈಯಲ್ಲಿ ನಕಲು ಮಾಡಿದ್ದಲ್ಲ. ಅಚ್ಚಾದದ್ದೂ ಓಡಿದ್ದೂ ಒಂದೇ. ಡೊನಾಲ್ಡ್ ನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿ ಕೊಟ್ಟವರಿಗೆ 2.56 ಡಾಲರಿನ ಚೆಕ್ ಬರೆದು ಕಳಿಸುತ್ತಿದ್ದರು. ಪ್ರೋಗ್ರಾಮನ್ನೂ ಅದರ ವಿವರಣೆಯನ್ನೂ ಒಂದೇ ಕಡತದಲ್ಲಿ ಬರೆಯುವ ಪದ್ಧತಿಯನ್ನು 1984ರಲ್ಲಿ ಪ್ರತಿಪಾದಿಸಿದವರೂ ಅವರೇ.

ಇಂದು ನಿಮಗೆ ಅಷ್ಟು ಶ್ರಮವೂ ಬೇಕಿಲ್ಲ. ಟಿಮ್ ಪೀಟರ್ಸ್ ಬರೆದ ಡಾಕ್‌ಟೆಸ್ಟ್ 2001ರ ಪೈಥಾನ್ 2.1ರಿಂದ ಭಾಷೆಯ ಜೊತೆಗೇ ಬರುತ್ತಿದೆ. ಪುಟದಲ್ಲಿ ಮೂರು ಬಾಣದ ಗುರುತು ಕಂಡಲ್ಲಿ ಅದರ ಮುಂದಿರುವ ಕೋಡನ್ನು ಓಡಿಸುತ್ತದೆ, ಬಂದ ಔಟ್‌ಪುಟ್ಟನ್ನು ನೀವು ಕೆಳಗೆ ಬರೆದದ್ದರ ಜೊತೆ ಹೋಲಿಸುತ್ತದೆ, ಒಂದಕ್ಷರ ಬೇರೆಯಾದರೂ ಹೇಳುತ್ತದೆ. ರಸ್ಟ್ ಭಾಷೆಯಲ್ಲಿ ಕಾರ್ಗೊ ಟೆಸ್ಟ್ ಎಂದು ಕೊಟ್ಟರೆ ಲೈಬ್ರರಿಯ ವಿವರಣೆಯೊಳಗಿನ ಕೋಡೂ ಟೆಸ್ಟುಗಳ ಜೊತೆಗೇ ಓಡುತ್ತದೆ. ಗೋ ಭಾಷೆಯಲ್ಲಿ ಎಕ್ಸಾಂಪಲ್ ಎಂದು ಹೆಸರು ಶುರುವಾಗುವ ಫಂಕ್ಷನ್ ಬರೆದು, ಕೊನೆಯಲ್ಲಿ ಬರಬೇಕಾದ ಔಟ್‌ಪುಟ್ಟನ್ನು ಕಮೆಂಟಾಗಿ ಹಾಕಿದರೆ, ಅದೇ ಟೆಸ್ಟೂ ಆಗುತ್ತದೆ, ಡಾಕ್ಯುಮೆಂಟೇಶನ್ನಿನಲ್ಲಿ ಉದಾಹರಣೆಯೂ ಆಗುತ್ತದೆ. ಆ ಕಮೆಂಟ್ ಮರೆತರೆ ಗೋ ಅದನ್ನು ಕಂಪೈಲ್ ಮಾತ್ರ ಮಾಡುತ್ತದೆ, ಓಡಿಸುವುದಿಲ್ಲ. ಇದು ನೆನಪಿರಲಿ.

ಪರೀಕ್ಷೆ ಎಂದರೆ ದೊಡ್ಡ ಸಲಕರಣೆ, ದೊಡ್ಡ ತಂಡ ಬೇಕೆಂದು ಹೆದರಬೇಡಿ. ತುಮಕೂರಿನ ಹತ್ತಿರದ ಕೈದಾಳದ ಶಿಲ್ಪಿ ಜಕಣಾಚಾರಿಯ ಐತಿಹ್ಯ ನಿಮಗೆಲ್ಲ ಗೊತ್ತು. ಜಕಣಾಚಾರಿ ಕಡೆದ ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗ ಡಂಕಣ ಹೇಳಿದ. ವಾದ ಮಾಡುತ್ತಾ ಕೂರಲಿಲ್ಲ, ವಿಗ್ರಹದ ಮೈಗೆಲ್ಲ ಗಂಧ ಬಳಿಸಿದ. ಎಲ್ಲ ಕಡೆ ಗಂಧ ಒಣಗಿತು, ಹೊಕ್ಕುಳ ಬಳಿ ಒಂದು ಕಡೆ ಮಾತ್ರ ಹಸಿಯಾಗೇ ಉಳಿಯಿತು. ಅಲ್ಲಿ ಉಳಿಯಿಟ್ಟರೆ ಕಲ್ಲಿನೊಳಗಿಂದ ಕಪ್ಪೆ ಹೊರಬಂತು. ಉಪಾಯ ಅಗ್ಗದ್ದು, ಎಲ್ಲರ ಕಣ್ಣೆದುರು ನಡೆದದ್ದು, ದೋಷ ಎಲ್ಲಿದೆಯೆಂದು ಬೊಟ್ಟು ಮಾಡಿ ತೋರಿಸಿದ್ದು. ಒಳ್ಳೆಯ ಟೆಸ್ಟಿಗೆ ಬೇಕಾದ ಮೂರು ಗುಣಗಳು ಇವೇ. ಹಿರಿಯರ ಕೆಲಸವನ್ನು ಕಿರಿಯರು ಪರೀಕ್ಷಿಸುವುದು ಅಗೌರವವಲ್ಲ ಎಂಬುದೂ ಆ ಕಥೆಯಲ್ಲಿದೆ. ಸೋತ ಜಕಣಾಚಾರಿ ಮಾಡಿದ ಪ್ರತಿಜ್ಞೆಯಂತೆ ತನ್ನ ಕೈಯನ್ನೇ ಕತ್ತರಿಸಿಕೊಂಡನಂತೆ. ನಮ್ಮ ಕಸುಬಿನಲ್ಲಿ ಯಾರೂ ಅಂಥ ಪ್ರತಿಜ್ಞೆ ಮಾಡಬೇಕಾಗಿಲ್ಲ. ತಪ್ಪು ತೋರಿಸಿದವರಿಗೆ ಕೃತಜ್ಞತೆ ಹೇಳಿ, ಸಾಲು ತಿದ್ದಿ, ಮುಂದೆ ನಡೆಯಿರಿ.

ಇನ್ನು ಕೆಲಸದ ಮಾತುಗಳು.

ಉದಾಹರಣೆ ಇಡಿಯಾಗಿರಲಿ. ಮೇಲಿನ ಇಂಪೋರ್ಟ್ ಸಾಲುಗಳನ್ನು, ವೇರಿಯಬಲ್ಲಿಗೆ ಮೊದಲು ಕೊಟ್ಟ ಬೆಲೆಯನ್ನು ಓದುಗರು ಊಹಿಸಿಕೊಳ್ಳಲಿ ಎಂದು ಬಿಡಬೇಡಿ. ಪುಟ ಉದ್ದವಾಗುತ್ತದೆ ಎನ್ನಿಸಿದರೆ, ರಸ್ಟ್‌ನಲ್ಲಿ ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿ ಮರೆಮಾಡಬಹುದು. ಓದುವವರಿಗೆ ಕಾಣುವುದಿಲ್ಲ, ಟೆಸ್ಟಿನಲ್ಲಿ ಓಡುತ್ತದೆ. ಆದರೆ ಓದುಗರಿಗೆ ಬೇಕೇ ಬೇಕಾದ ಸಾಲನ್ನು ಹಾಗೆ ಅಡಗಿಸಬೇಡಿ.

ನಿಮ್ಮ ಲ್ಯಾಪ್‌ಟಾಪಿನ ಮಾತನ್ನು ನಂಬಬೇಡಿ. ಅದರಲ್ಲಿ ನೀವು ಎಂದೋ ಹಾಕಿಕೊಂಡ ಲೈಬ್ರರಿಗಳಿವೆ, ನೋಟ್‌ಬುಕ್ಕಿನಲ್ಲಿ ಮೇಲೆ ಕೆಳಗೆ ಓಡಿಸಿ ಉಳಿದ ಹಳೆಯ ಬೆಲೆಗಳಿವೆ. ಹೊಸ ಯಂತ್ರದಲ್ಲಿ, ಏನೂ ಇಲ್ಲದ ಸ್ಥಿತಿಯಿಂದ, ಪುಟದಲ್ಲಿ ಹೇಳಿದ ಕ್ರಮದಲ್ಲೇ ಓಡಿಸಿ. ಒಂದು ಸಣ್ಣ ಉದಾಹರಣೆ ನೋಡಿ. ಯುನಿಕ್ಸ್ ಕಾಲಮಾನದ ಸೊನ್ನೆಯನ್ನು ಪೈಥಾನಿನಲ್ಲಿ ಸ್ಥಳೀಯ ಸಮಯಕ್ಕೆ ಬದಲಿಸಿದರೆ ನಮ್ಮಲ್ಲಿ 1970ರ ಜನವರಿ 1ರ ಬೆಳಗಿನ 5.30 ಎಂದು ಬರುತ್ತದೆ. ಅಂತರರಾಷ್ಟ್ರೀಯ ಕಾಲಮಾನಕ್ಕೆ ಹೊಂದಿಸಿದ ಸರ್ವರಿನಲ್ಲಿ ಅದೇ ಸಾಲು ಮಧ್ಯರಾತ್ರಿ ಎನ್ನುತ್ತದೆ. ನಿಮ್ಮ ಮೇಜಿನ ಮೇಲೆ ಸರಿಯಾಗಿದ್ದದ್ದು ಇನ್ನೊಬ್ಬರ ಮೇಜಿನ ಮೇಲೆ ಸುಳ್ಳಾಯಿತು. ಟೈಮ್ ಝೋನನ್ನು ಉದಾಹರಣೆಯಲ್ಲೇ ಬರೆದಿದ್ದರೆ ಈ ಗೊಂದಲವಿರುತ್ತಿರಲಿಲ್ಲ. ಟೆಸ್ಟ್ ಸೋತದ್ದರಿಂದ ಉದಾಹರಣೆಯೇ ಉತ್ತಮವಾಗುವುದೆಂದರೆ ಹೀಗೆ.

ಪ್ರತಿ ಸಲವೂ ಬದಲಾಗುವ ಔಟ್‌ಪುಟ್ ಬಗ್ಗೆ ಎಚ್ಚರವಿರಲಿ. ಪೈಥಾನಿನಲ್ಲಿ ಪದಗಳ ಸೆಟ್ ಒಂದನ್ನು ಪ್ರಿಂಟ್ ಮಾಡಿದರೆ ಒಂದೊಂದು ಸಲ ಒಂದೊಂದು ಕ್ರಮ ಬರಬಹುದು. ಸಾರ್ಟ್ ಮಾಡಿ ತೋರಿಸಿ. ರ್‍ಯಾಂಡಮ್ ಸಂಖ್ಯೆಯಿದ್ದರೆ ಸೀಡ್ ಕೊಡಿ. ಮೆಮೊರಿ ವಿಳಾಸದಂಥದ್ದು ಬಂದರೆ ಡಾಕ್‌ಟೆಸ್ಟಿನ ಎಲಿಪ್ಸಿಸ್ ಆಯ್ಕೆ ಬಳಸಿ, ಆ ಭಾಗಕ್ಕೆ ಮಾತ್ರ ಮೂರು ಚುಕ್ಕೆ ಇಡಿ. ಇಡೀ ಔಟ್‌ಪುಟ್ಟಿಗೇ ಚುಕ್ಕೆ ಇಟ್ಟರೆ ಆ ಟೆಸ್ಟ್ ಯಾವುದನ್ನೂ ಕಾಯುವುದಿಲ್ಲ.

ಓಡಿಸಲಾಗದ ಉದಾಹರಣೆಗಳೂ ಇರುತ್ತವೆ. ನೆಟ್‌ವರ್ಕ್ ಬೇಕು, ಹಣ ಪಾವತಿಯಾಗುತ್ತದೆ, ಕಡತ ಅಳಿಸುತ್ತದೆ ಎಂಬಂಥವು. ಅವನ್ನು ಪೂರ್ತಿ ಬಿಟ್ಟುಬಿಡುವ ಮುನ್ನ ಕಂಪೈಲ್ ಆದರೂ ಆಗುತ್ತದೆಯೇ ನೋಡಿ. ರಸ್ಟ್‌ನಲ್ಲಿ ನೋ ರನ್ ಎಂಬ ಗುರುತು ಅದಕ್ಕೇ ಇದೆ. ಇಗ್ನೋರ್ ಎಂಬ ಗುರುತು ಸುಲಭ, ಆದರೆ ಅದನ್ನು ಹಾಕಿದ ಉದಾಹರಣೆಯನ್ನು ಯಾರೂ ಕಾಯುತ್ತಿಲ್ಲ ಎಂಬುದು ತಿಳಿದಿರಲಿ. ಎರರ್ ಬರುತ್ತದೆ ಎಂದು ತೋರಿಸುವ ಉದಾಹರಣೆಯನ್ನೂ ಪರೀಕ್ಷಿಸಿ. ಎರರ್ ಬರಲೇಬೇಕಾದಲ್ಲಿ ಬರದಿದ್ದರೆ ಅದೂ ಸುಳ್ಳೇ.

ಕನ್ನಡಕ್ಕಾಗಿ ಸಾಫ್ಟ್‌ವೇರ್ ಬರೆಯುವವರು ಕನ್ನಡ ಪದಗಳನ್ನೇ ಉದಾಹರಣೆಯಲ್ಲಿ ಇಡಿ, ಓಡಿಸಿ ನೋಡಿ. ನಮ್ಮ ತಾಲ್ಲೂಕಿನ ಹೆಸರನ್ನೇ ತೆಗೆದುಕೊಳ್ಳಿ. 'ಗುಬ್ಬಿ' ಎಂದರೆ ನಮ್ಮ ಲೆಕ್ಕಕ್ಕೆ ಎರಡಕ್ಷರ. ಪೈಥಾನಿನ ಲೆನ್ ಫಂಕ್ಷನ್ 6 ಎನ್ನುತ್ತದೆ, ಏಕೆಂದರೆ ಯುನಿಕೋಡಿನಲ್ಲಿ ಗ, ಉಕಾರದ ಗುರುತು, ಬ, ಹಲಂತ, ಮತ್ತೆ ಬ, ಇಕಾರದ ಗುರುತು ಇವೆಲ್ಲ ಬೇರೆ ಬೇರೆ. ರಸ್ಟ್ ಮತ್ತು ಗೋ ಭಾಷೆಗಳ ಲೆನ್ ಬೈಟುಗಳನ್ನು ಎಣಿಸಿ 18 ಎನ್ನುತ್ತದೆ. ಊಹೆಯ ಮೇಲೆ 2 ಎಂದು ಬರೆದ ಉದಾಹರಣೆ ಎಲ್ಲ ಕಡೆಯೂ ತಪ್ಪು. 'ತೋಟ' ಎಂಬ ಪದವೂ ಅಷ್ಟೇ. ಓಕಾರದ ಗುರುತನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರಾಗಿ ಬಿಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಒಂದರ ಉದ್ದ 3, ಇನ್ನೊಂದರದು 5. ನಾರ್ಮಲೈಸ್ ಮಾಡದೆ ಹೋಲಿಸಿದರೆ ಬೇರೆ ಪದಗಳು ಎನ್ನುತ್ತದೆ. ಹುಡುಕುವ, ಅಕಾರಾದಿಯಾಗಿ ಜೋಡಿಸುವ ಯಾವ ಸಾಫ್ಟ್‌ವೇರೂ ಇಲ್ಲಿ ಎಡವಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ನಿಘಂಟು 2019ರಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಅಂಥ ದತ್ತಾಂಶದ ಮೇಲೆ ಹೊಸದೇನನ್ನಾದರೂ ಕಟ್ಟುವ ಮಕ್ಕಳು ನಮ್ಮಲ್ಲಿ ಹುಟ್ಟಬೇಕು. ಅವರಿಗೆ ದಾರಿ ತೋರುವ ಪುಟದಲ್ಲಿ ಒಂದು ಸಾಲೂ ಸುಳ್ಳಿರಬಾರದು.

ಉದಾಹರಣೆಯ ಟೆಸ್ಟ್ ಸೋತಾಗ ಅವಸರ ಪಡಬೇಡಿ. ಹೊಸ ಔಟ್‌ಪುಟ್ಟನ್ನು ಹಳೆಯದರ ಮೇಲೆ ಅಂಟಿಸಿ ಹಸಿರು ಬಣ್ಣ ಬರಿಸುವುದು ಕೈಗೆ ಬರುವ ಮೊದಲ ಚಟ. ಅದನ್ನು ಬೆಳೆಸಿಕೊಳ್ಳಬೇಡಿ. ಬದಲಾದದ್ದು ಏನು ಎಂದು ಮೊದಲು ಕೇಳಿಕೊಳ್ಳಿ. ನಿಮ್ಮ ಉದಾಹರಣೆ ಮುರಿದಿದೆ ಎಂದರೆ ಅದನ್ನು ನಂಬಿ ಬರೆದ ಎಲ್ಲರ ಕೋಡೂ ಮುರಿದಿರಬಹುದು. ಬದಲಾವಣೆ ಬೇಕೆಂದೇ ಮಾಡಿದ್ದಾದರೆ ಪುಟ ತಿದ್ದಿ, ಬಳಕೆದಾರರಿಗೆ ತಿಳಿಸಿ. ಅಲ್ಲದಿದ್ದರೆ ಕೋಡು ತಿದ್ದಿ.

ಟೆಸ್ಟ್ ಗೆದ್ದರೂ ಕೆಲಸ ಮುಗಿಯಲಿಲ್ಲ. ಪಾಸ್‌ವರ್ಡನ್ನು ಕೋಡಿನಲ್ಲೇ ಬರೆದಿಟ್ಟ ಉದಾಹರಣೆಯೂ ಚೆನ್ನಾಗಿ ಓಡುತ್ತದೆ. ಬಳಕೆದಾರರು ಕೊಟ್ಟ ಪದವನ್ನು ಹಾಗೇ ಡೇಟಾಬೇಸಿನ ಪ್ರಶ್ನೆಗೆ ಜೋಡಿಸುವ ಅಪಾಯದ ಉದಾಹರಣೆಯೂ ಓಡುತ್ತದೆ. ಅದನ್ನು ನಕಲು ಮಾಡಿದವರ ಮನೆಗೆ ಕನ್ನ ಬೀಳುತ್ತದೆ. ಸಾಲು ಓಡುತ್ತದೆಯೇ ಎಂದು ಯಂತ್ರ ನೋಡಲಿ. ಅದು ಕಲಿಸುವುದು ಸರಿಯೇ ಎಂದು ನೀವೇ ಓದಿ ನೋಡಬೇಕು. ಹಾಗೆಯೇ ಪರೀಕ್ಷಿಸಲು ದಾರಿ ಸಿಕ್ಕಿತೆಂದು ಮೂಲೆಮುಡುಕಿನ ಸಂದರ್ಭಗಳನ್ನೆಲ್ಲ ಪುಟಕ್ಕೆ ತುಂಬಬೇಡಿ. ಅವು ಟೆಸ್ಟ್ ಕಡತದಲ್ಲಿರಲಿ, ಪುಟ ಓದುಗರದ್ದಾಗಿರಲಿ.

ಎಲ್ಲಿಂದ ಶುರು ಮಾಡುವುದು ಎನ್ನುತ್ತೀರಾ? ನಿಮ್ಮ ಕಾಲೇಜು ಪ್ರಾಜೆಕ್ಟಿನ ರೀಡ್‌ಮಿ ಕಡತದಿಂದ. ಪೈಥಾನಿನದ್ದಾದರೆ ಡಾಕ್‌ಟೆಸ್ಟ್ ಮಾಡ್ಯೂಲಿಗೆ ಆ ಕಡತದ ಹೆಸರು ಕೊಟ್ಟರೆ ಸಾಕು, ಒಂದೇ ಆಜ್ಞೆ. ಮಾರ್ಕ್‌ಡೌನ್‌ನಲ್ಲಿ ಬರೆದಿದ್ದರೆ ಔಟ್‌ಪುಟ್ ಆದ ಮೇಲೆ ಒಂದು ಖಾಲಿ ಸಾಲು ಬಿಡಿ. ಇಲ್ಲದಿದ್ದರೆ ಕೋಡು ಮುಗಿಯುವ ಗುರುತನ್ನೂ ಔಟ್‌ಪುಟ್ ಎಂದೇ ಓದಿ ಡಾಕ್‌ಟೆಸ್ಟ್ ತಪ್ಪು ಹೇಳುತ್ತದೆ. ಅದು ಗೆದ್ದ ಮೇಲೆ, ನೀವು ದಿನವೂ ಬಳಸುವ ಯಾವುದಾದರೂ ಮುಕ್ತ ಲೈಬ್ರರಿಯ ಪುಟಗಳನ್ನು ಹೀಗೇ ಓಡಿಸಿ. ಮುರಿದ ಉದಾಹರಣೆ ಸಿಕ್ಕರೆ ತಿದ್ದಿ ಕಳಿಸಿ. ಯಾವ ವರ್ಷನ್ನಿನಲ್ಲಿ ಓಡಿಸಿದಿರಿ, ಏನು ಬಂತು, ಏನು ಬರಬೇಕಿತ್ತು ಎಂದು ಮೂರು ಸಾಲಿನಲ್ಲಿ ಬರೆಯಿರಿ. ಅದಕ್ಕೆ ದೊಡ್ಡ ಕಾಲೇಜಿನ ಹೆಸರು ಬೇಕಿಲ್ಲ, ಬೆಂಗಳೂರಿನಲ್ಲಿ ಪರಿಚಯಸ್ಥರು ಬೇಕಿಲ್ಲ. ಸಿ.ಎಸ್. ಪುರದಲ್ಲಿ ಕೂತು ಕಳಿಸಿದ ತಿದ್ದುಪಡಿ ಸರಿಯಿದ್ದರೆ ಜಗತ್ತಿನ ಯಾವ ಮೂಲೆಯವರಾದರೂ ಒಪ್ಪಿಕೊಳ್ಳುತ್ತಾರೆ. ನಿಮ್ಮ ನಂತರ ಆ ಪುಟ ತೆರೆಯುವವರಿಗೆ ಮೊದಲ ಸಲಕ್ಕೇ ಉದಾಹರಣೆ ಓಡುತ್ತದೆ, ತಮಗೂ ಈ ವಿದ್ಯೆ ಬರುತ್ತದೆ ಎಂಬ ಧೈರ್ಯ ಹುಟ್ಟುತ್ತದೆ. ಆ ಧೈರ್ಯ ಕೊಡುವ ಕೆಲಸವನ್ನು ಈ ವಾರವೇ ಶುರು ಮಾಡಿ.